ಎಣ್ಣೆಬಾವಿಯಿಂದ ಬೋರ್ಡ್ ರೂಮಿನವರೆಗೆ: ಟೋನಿ ಹೇವರ್ಡ್ ಮತ್ತು ಎರಡು ಬಗೆಯ ಸುರಕ್ಷತೆ

2010ರ ಜೂನ್ 17ರಂದು ಅಮೆರಿಕ ಸಂಸತ್ತಿನ ಒಂದು ಸಮಿತಿ ಬ್ರಿಟನ್ನಿನ ತೈಲ ಕಂಪನಿ ಬಿಪಿಯ ಮುಖ್ಯಸ್ಥ ಟೋನಿ ಹೇವರ್ಡ್ ಅವರನ್ನು ಎದುರಿಗೆ ಕೂರಿಸಿಕೊಂಡು ಗಂಟೆಗಟ್ಟಲೆ ಪ್ರಶ್ನೆ ಕೇಳಿತು. ಮೆಕ್ಸಿಕೊ ಕೊಲ್ಲಿಯಲ್ಲಿ ಬಿಪಿಯ ಬಾವಿ ಸ್ಫೋಟಿಸಿ ಆಗ ಎಂಟು ವಾರ ಕಳೆದಿತ್ತು. ಹನ್ನೊಂದು ಕೆಲಸಗಾರರು ಸತ್ತಿದ್ದರು. ಎಣ್ಣೆ ಇನ್ನೂ ಸಮುದ್ರಕ್ಕೆ ಸುರಿಯುತ್ತಲೇ ಇತ್ತು. ಆ ಬಾವಿಗೆ ಎಂಥ ಪೈಪ್ ಇಳಿಸಬೇಕು, ಸಿಮೆಂಟ್ ಹೇಗೆ ತುಂಬಬೇಕು, ಯಾವ ಪರೀಕ್ಷೆ ಬಿಟ್ಟರೂ ನಡೆಯುತ್ತದೆ ಅಂತ ತೀರ್ಮಾನ ಮಾಡಿದ್ದು ಯಾರು ಎಂದು ಸಂಸದರು ಕೇಳಿದರು. ಆ ತೀರ್ಮಾನಗಳಲ್ಲಿ ನಾನು ಇರಲಿಲ್ಲ ಎಂದು ಹೇವರ್ಡ್ ಮತ್ತೆ ಮತ್ತೆ ಹೇಳಿದರು.

ಹಿರಿಯ ಸಂಸದ ಹೆನ್ರಿ ವ್ಯಾಕ್ಸ್‌ಮನ್ ಅವರ ಮಾತು ಖಾರವಾಗಿತ್ತು. ಬಿಪಿಯ 30 ಸಾವಿರ ಪುಟಗಳ ದಾಖಲೆ ನೋಡಿದ್ದೇವೆ, ಈ ಬಾವಿಯ ಅಪಾಯದ ಕಡೆ ನೀವು ಒಂಚೂರಾದರೂ ಗಮನ ಕೊಟ್ಟಿದ್ದಿರಿ ಎಂದು ತೋರಿಸುವ ಒಂದೇ ಒಂದು ಇಮೇಲ್ ಸಿಗಲಿಲ್ಲ ಎಂದರು ಅವರು. ನಾವು ವರ್ಷಕ್ಕೆ ಪ್ರಪಂಚದಾದ್ಯಂತ ನೂರಾರು ಬಾವಿ ಕೊರೆಯುತ್ತೇವೆ ಎಂದು ಹೇವರ್ಡ್ ವಿವರಿಸಲು ಹೋದಾಗ ಇನ್ನೊಬ್ಬ ಸಂಸದರು, ನನಗೀಗ ಭಯ ಆಗುತ್ತಿರುವುದೇ ಅದಕ್ಕೆ ಎಂದರು.

ಹೇವರ್ಡ್ ನಿಜವನ್ನೇ ಹೇಳುತ್ತಿದ್ದರು ಎಂದು ನನಗನಿಸುತ್ತದೆ. ಲಂಡನ್ನಿನ ಕಚೇರಿಯಲ್ಲಿ ಕೂತವರಿಗೆ ಆ ಬಾವಿಯ ಅಪಾಯ ಕಾಣುವಂತೆಯೇ ಇರಲಿಲ್ಲ. ಅವರ ಮೇಜಿಗೆ ಬರುತ್ತಿದ್ದ ಸುರಕ್ಷತೆಯ ಅಂಕಿಗಳು ಬೇರೆಯವು, ಮತ್ತು ಅವು ಚೆನ್ನಾಗಿಯೇ ಇದ್ದವು. ಅಂಥ ಏರ್ಪಾಡು ಹೇಗೆ ಹುಟ್ಟುತ್ತದೆ, ಅದರ ತುದಿಗೆ ಏರಿದವರು ಎಂಥವರಾಗಿರುತ್ತಾರೆ, ಮುಗ್ಗರಿಸಿದ ಮೇಲೆ ಎಲ್ಲಿಗೆ ಹೋಗುತ್ತಾರೆ ಅಂತ ತಿಳಿಯಲು ಹೇವರ್ಡ್ ಅವರ ಬದುಕಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಭೂವಿಜ್ಞಾನಿಯಿಂದ ಮುಖ್ಯಸ್ಥನವರೆಗೆ

ಹೇವರ್ಡ್ ಹುಟ್ಟಿದ್ದು 1957ರಲ್ಲಿ, ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೋ ಎಂಬ ಊರಿನಲ್ಲಿ. ಏಳು ಮಕ್ಕಳಲ್ಲಿ ಹಿರಿಯರು. ಬಿಪಿಯಂಥ ಕಂಪನಿಗಳ ನೆತ್ತಿಯಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಪದವೀಧರರೇ ಜಾಸ್ತಿ. ಹೇವರ್ಡ್ ಓದಿದ್ದು ಬರ್ಮಿಂಗ್‌ಹ್ಯಾಮಿನ ಆಸ್ಟನ್ ವಿಶ್ವವಿದ್ಯಾಲಯದಲ್ಲಿ. ಭೂವಿಜ್ಞಾನದಲ್ಲಿ ಮೊದಲ ದರ್ಜೆ ಪಡೆದು, ಎಡಿನ್‌ಬರೊದಲ್ಲಿ ಪಿಎಚ್‌ಡಿ ಮುಗಿಸಿ, 1982ರಲ್ಲಿ ಬಿಪಿ ಸೇರಿದರು. ಮೊದಲ ಕೆಲಸ ಸ್ಕಾಟ್ಲೆಂಡಿನ ಅಬರ್ಡೀನ್ ಕಡೆಯಿಂದ, ಉತ್ತರ ಸಮುದ್ರದ ರಿಗ್‌ಗಳ (ಎಣ್ಣೆಬಾವಿ ಕೊರೆಯುವ ಕಟ್ಟೆಗಳ) ಮೇಲೆ ಭೂವಿಜ್ಞಾನಿಯಾಗಿ.

ರಿಗ್ಗಿನ ಮೇಲೆ ಭೂವಿಜ್ಞಾನಿಗೇನು ಕೆಲಸ? ಡ್ರಿಲ್ ಕೆಳಗೆ ಕಲ್ಲು ಪುಡಿ ಮಾಡುತ್ತಾ ಹೋದ ಹಾಗೆ ಆ ಚೂರುಗಳು ಮಡ್ ಜೊತೆ ಮೇಲೆ ಬರುತ್ತವೆ. ಮಡ್ ಅಂದರೆ ಬಾವಿಯೊಳಗೆ ಸುತ್ತುವ ಭಾರವಾದ ದ್ರವ. ಅದನ್ನು ಜರಡಿಯಲ್ಲಿ ಸೋಸುತ್ತಾರೆ. ಉಳಿದ ಚೂರುಗಳನ್ನು ತೊಳೆದು, ಮೈಕ್ರೊಸ್ಕೋಪಿನ ಕೆಳಗಿಟ್ಟು, ಈಗ ಯಾವ ಪದರದಲ್ಲಿದ್ದೇವೆ, ಎಣ್ಣೆಯ ಗುರುತು ಇದೆಯಾ, ಅನಿಲ ಎಷ್ಟು ಬರುತ್ತಿದೆ ಅಂತ ಹೇಳಬೇಕು. ಹಗಲು ರಾತ್ರಿ ಇಲ್ಲದ ಕೆಲಸ ಅದು. ಬಾವಿ ಅನ್ನುವುದು ಯಾವಾಗ ಬೇಕಾದರೂ ತಿರುಗಿ ಬೀಳಬಹುದಾದ ವಸ್ತು ಅನ್ನುವುದು ಅಲ್ಲಿ ಮೈಗೇ ತಿಳಿಯುತ್ತದೆ. ಹೇವರ್ಡ್ ಅವರಿಗೆ ಅದು ತಿಳಿದಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಕೆಲಸ. 1990ರಲ್ಲಿ ಅಮೆರಿಕದ ಅರಿಜೋನಾದಲ್ಲಿ ನಡೆದ ಕಂಪನಿಯ ಸಮಾವೇಶವೊಂದರಲ್ಲಿ ಅವರು ಜಾನ್ ಬ್ರೌನ್ ಅವರ ಕಣ್ಣಿಗೆ ಬಿದ್ದರು. ಮುಂದೆ ಬಿಪಿಯನ್ನು ದೈತ್ಯ ಕಂಪನಿಯಾಗಿ ಬೆಳೆಸಿದವರು ಈ ಬ್ರೌನ್. ಚುರುಕಾದ ಕಿರಿಯರನ್ನು ತಮ್ಮ ಆಪ್ತ ಸಹಾಯಕರನ್ನಾಗಿ ಇಟ್ಟುಕೊಂಡು ಪಳಗಿಸುವುದು ಅವರ ಪದ್ಧತಿ. ಕಂಪನಿಯೊಳಗೆ ಇವರನ್ನು ಆಮೆಗಳು ಎಂದು ಕರೆಯುತ್ತಿದ್ದರು. ಹೇವರ್ಡ್ ಆ ಗುಂಪಿಗೆ ಸೇರಿದರು. ನಂತರ ಕೊಲಂಬಿಯಾ, ವೆನೆಜುವೆಲಾ, ಮತ್ತೆ ಲಂಡನ್. 2000ದಲ್ಲಿ ಇಡೀ ಕಂಪನಿಯ ಹಣಕಾಸು ನೋಡುವ ಟ್ರೆಷರರ್ ಆದರು. 2002ರ ಹೊತ್ತಿಗೆ ಎಣ್ಣೆ ಹುಡುಕುವ, ತೆಗೆಯುವ ವಿಭಾಗದ ಮುಖ್ಯಸ್ಥರಾದರು. ಕಲ್ಲಿನ ಚೂರು ನೋಡುತ್ತಿದ್ದವರು ಲೆಕ್ಕದ ಪುಸ್ತಕವನ್ನೂ ಕಲಿತದ್ದು ಹೀಗೆ. ದೊಡ್ಡ ತೈಲ ಕಂಪನಿಗಳಲ್ಲಿ ಮೇಲೇರುವ ದಾರಿಯೇ ಇದು. ಎರಡು ಮೂರು ವರ್ಷಕ್ಕೊಂದು ದೇಶ, ಒಂದು ಹೊಸ ಹುದ್ದೆ. ತಾನು ತೆಗೆದುಕೊಂಡ ತೀರ್ಮಾನದ ಫಲ ಕಾಣುವ ಹೊತ್ತಿಗೆ ಆ ಮನುಷ್ಯ ಬೇರೆಲ್ಲೋ ಇರುತ್ತಾನೆ.

ಟೆಕ್ಸಸ್ ಸಿಟಿ ಕಲಿಸಿದ್ದು

2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಸ್ ಸಿಟಿಯಲ್ಲಿದ್ದ ಬಿಪಿ ರಿಫೈನರಿ ಸ್ಫೋಟಿಸಿತು. 15 ಜನ ಸತ್ತರು, ಸುಮಾರು 180 ಜನ ಗಾಯಗೊಂಡರು. ಸುಮಾರು 170 ಅಡಿ ಎತ್ತರದ ಒಂದು ಗೋಪುರ. ಅದರ ತಳದಲ್ಲಿ ಆರೇಳು ಅಡಿ ದ್ರವ ಇರಬೇಕಿತ್ತು. ಅವತ್ತು 150 ಅಡಿಗೂ ಮೇಲೆ ತುಂಬಿಕೊಂಡಿತ್ತು. ಮಾಪಕ ಮಾತ್ರ ಮಟ್ಟ ಇಳಿಯುತ್ತಿದೆ ಎಂದೇ ತೋರಿಸುತ್ತಿತ್ತು. ಉಕ್ಕಿದ ದ್ರವ ಒಂದು ಹಳೇ ಕಾಲದ ಚಿಮಣಿಯಿಂದ ಹೊರಗೆ ಚಿಮ್ಮಿತು, ಆವಿಯಾಗಿ ನೆಲದ ಮೇಲೆ ಹರಡಿತು, ಬೆಂಕಿ ಹೊತ್ತಿಕೊಂಡಿತು. ಸತ್ತವರೆಲ್ಲ ಹತ್ತಿರದಲ್ಲೇ ನಿಲ್ಲಿಸಿದ್ದ ತಾತ್ಕಾಲಿಕ ಶೆಡ್ಡುಗಳ ಒಳಗೆ, ಸುತ್ತಮುತ್ತ ಇದ್ದ ಗುತ್ತಿಗೆ ಕೆಲಸದವರು.

ಕಂಪನಿಯ ಅಮೆರಿಕದ ರಿಫೈನರಿಗಳನ್ನು ಪರಿಶೀಲಿಸಲು ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ನೇತೃತ್ವದಲ್ಲಿ ಒಂದು ಸಮಿತಿ ಕೂತಿತು. 2007ರ ಜನವರಿಯಲ್ಲಿ ಅದು ಕೊಟ್ಟ ವರದಿಯಲ್ಲಿ ಎಲ್ಲರೂ ಓದಬೇಕಾದ ಒಂದು ಮಾತಿದೆ. ಸುರಕ್ಷತೆಯಲ್ಲಿ ಎರಡು ಬಗೆ ಇದೆ ಎನ್ನುತ್ತದೆ ವರದಿ.

ಒಂದು, ಕೆಲಸಗಾರನ ಮೈಗೆ ಸಂಬಂಧಿಸಿದ್ದು. ಹೆಲ್ಮೆಟ್ ಹಾಕಿದ್ದಾನಾ, ಮೆಟ್ಟಿಲಿಳಿಯುವಾಗ ಕೈಹಿಡಿ ಹಿಡಿದಿದ್ದಾನಾ, ಜಾರಿ ಬಿದ್ದನಾ, ಬೆರಳು ಸಿಕ್ಕಿಕೊಂಡಿತಾ. ಇದನ್ನು ಎಣಿಸುವುದು ಸುಲಭ. ಗಾಯವಾಗಿ ರಜೆ ಹಾಕಬೇಕಾಗಿ ಬಂದ ಘಟನೆ ಎಷ್ಟು ಅಂತ ಪಟ್ಟಿ ಮಾಡಿದರೆ ಆಯಿತು. ಮಂಗಳೂರಿನ ರಿಫೈನರಿಯಲ್ಲೋ ಅರಬ್ ದೇಶಗಳ ತೈಲ ಕಂಪನಿಗಳಲ್ಲೋ ಕೆಲಸ ಮಾಡಿದ ನಮ್ಮವರಿಗೆ ಇದು ಚೆನ್ನಾಗಿ ಗೊತ್ತು. ಅಪಘಾತವಿಲ್ಲದೆ ಇಷ್ಟು ದಿನ ಎಂದು ಬರೆದ ಬೋರ್ಡು ಇಂಥ ಕಡೆಗಳಲ್ಲಿ ಮಾಮೂಲು.

ಇನ್ನೊಂದು, ಇಡೀ ಘಟಕಕ್ಕೆ ಸಂಬಂಧಿಸಿದ್ದು. ಒತ್ತಡ, ಶಾಖ, ವಾಲ್ವ್, ಮಾಪಕ, ಪೈಪಿನ ಸವೆತ, ಎಚ್ಚರಿಕೆಯ ಗಂಟೆ. ತೈಲ ಉದ್ಯಮದವರು ಇದನ್ನು ಪ್ರೊಸೆಸ್ ಸೇಫ್ಟಿ ಎನ್ನುತ್ತಾರೆ. ಇಲ್ಲಿ ಏನೂ ಆಗದೆ ಹತ್ತು ವರ್ಷ ಕಳೆಯಬಹುದು. ಹನ್ನೊಂದನೇ ವರ್ಷ ಒಂದೇ ದಿನ ಇಪ್ಪತ್ತು ಜನ ಸಾಯಬಹುದು. ಗಾಯದ ಪಟ್ಟಿಯಲ್ಲಿ ಇದರ ಸುಳಿವೇ ಇರುವುದಿಲ್ಲ. ಗಾಯಗಳು ಕಮ್ಮಿಯಾಗುತ್ತಿವೆ ಅನ್ನುವುದನ್ನೇ ಬಿಪಿ ಇಡೀ ಘಟಕ ಚೆನ್ನಾಗಿದೆ ಅನ್ನುವುದಕ್ಕೆ ಸಾಕ್ಷಿ ಅಂದುಕೊಂಡಿತ್ತು ಎಂದು ಬೇಕರ್ ಸಮಿತಿ ಸ್ಪಷ್ಟವಾಗಿ ಬರೆಯಿತು.

ಟೆಕ್ಸಸ್ ಸಿಟಿ ಹೇವರ್ಡ್ ಅವರ ವಿಭಾಗಕ್ಕೆ ಸೇರಿರಲಿಲ್ಲ. ಆದರೂ 2006ರ ಕೊನೆಯಲ್ಲಿ ಹ್ಯೂಸ್ಟನ್ನಿನಲ್ಲಿ ನಡೆದ ಸಿಬ್ಬಂದಿ ಸಭೆಯೊಂದರಲ್ಲಿ ಅವರು ತಮ್ಮ ಕಂಪನಿಯನ್ನೇ ಟೀಕಿಸಿದರು. ಮೇಲಿನವರು ಆಜ್ಞೆ ಮಾಡುವುದು ಜಾಸ್ತಿ, ಕೆಳಗಿನವರ ಮಾತು ಕೇಳಿಸಿಕೊಳ್ಳುವುದು ಕಮ್ಮಿ ಎಂಬ ಅರ್ಥದ ಮಾತು. ತನ್ನನ್ನು ಬೆಳೆಸಿದ ಬ್ರೌನ್ ಇನ್ನೂ ಕುರ್ಚಿಯಲ್ಲಿ ಇರುವಾಗಲೇ ಹೀಗೆ ಹೇಳಲು ಧೈರ್ಯ ಬೇಕು. ಮುಂದಿನ ಮುಖ್ಯಸ್ಥ ಹೇವರ್ಡ್ ಎಂದು 2007ರ ಜನವರಿಯಲ್ಲಿ ಪ್ರಕಟವಾಯಿತು. ಖಾಸಗಿ ಬದುಕಿಗೆ ಸಂಬಂಧಿಸಿದ ಕೋರ್ಟ್ ಪ್ರಕರಣವೊಂದರಿಂದಾಗಿ ಬ್ರೌನ್ ಅವಧಿಗೆ ಮೊದಲೇ ಇಳಿದರು. ಮೇ 1ರಂದು ಹೇವರ್ಡ್ ಅಧಿಕಾರ ವಹಿಸಿಕೊಂಡರು. ಸುರಕ್ಷತೆಯ ಮೇಲೆ ಲೇಸರ್ ಕಿರಣದ ಹಾಗೆ ಗಮನ ಇಡುತ್ತೇನೆ ಎಂದು ಮಾತು ಕೊಟ್ಟರು.

ಅದೇ ಹೊತ್ತಿಗೆ ಖರ್ಚಿಗೂ ಕತ್ತರಿ ಬಿತ್ತು. ಬಿಪಿ ಆಗ ತನ್ನ ಪ್ರತಿಸ್ಪರ್ಧಿ ಶೆಲ್‌ಗಿಂತ ಹಿಂದೆ ಬಿದ್ದಿತ್ತು. ಹೇವರ್ಡ್ ಅಧಿಕಾರಿಗಳ ಹಂತಗಳನ್ನು ಕಡಿಮೆ ಮಾಡಿದರು, ಸಾವಿರಾರು ಹುದ್ದೆ ತೆಗೆದರು. 2009ರಲ್ಲಿ ಖರ್ಚು ಸುಮಾರು 400 ಕೋಟಿ ಡಾಲರ್ ಇಳಿಯಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾತಾಡುತ್ತಾ, ನಮ್ಮಲ್ಲಿ ಲೋಕ ಉಳಿಸಲು ಹೊರಟವರು ತುಂಬಾ ಜನ ಇದ್ದರು, ಷೇರುದಾರರಿಗೆ ಲಾಭ ಮಾಡಿಕೊಡುವುದೇ ನಮ್ಮ ಮುಖ್ಯ ಕೆಲಸ ಅನ್ನುವುದು ಮರೆತುಹೋಗಿತ್ತು ಎಂದರು. ಅಕ್ಟೋಬರಿನಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಬಿಪಿಗೆ 8.7 ಕೋಟಿ ಡಾಲರ್ ದಂಡ ಹಾಕಿತು. ಟೆಕ್ಸಸ್ ಸಿಟಿಯಲ್ಲಿ ಸರಿಪಡಿಸುತ್ತೇವೆ ಎಂದು ಒಪ್ಪಿಕೊಂಡಿದ್ದನ್ನು ಇನ್ನೂ ಸರಿಪಡಿಸಿಲ್ಲ ಎನ್ನುವುದು ಕಾರಣ. ಇಷ್ಟೆಲ್ಲ ಆದರೂ ಷೇರು ಮಾರುಕಟ್ಟೆಯ ಕಣ್ಣಿನಲ್ಲಿ ಅವರು ಒಳ್ಳೆಯ ಮುಖ್ಯಸ್ಥರೇ ಆಗಿದ್ದರು. ಕಂಪನಿ ಚೇತರಿಸಿಕೊಂಡಿತ್ತು.

ಏಪ್ರಿಲ್ 20ರ ಸಂಜೆ

ಈಗ ಬಾವಿಯ ಹತ್ತಿರ ಹೋಗೋಣ. ಹೆಸರು ಮಕೊಂಡೊ. ಲೂಸಿಯಾನಾ ತೀರದಿಂದ ಸುಮಾರು 66 ಕಿಲೋಮೀಟರ್ ದೂರ. ಅಲ್ಲಿ ನೀರೇ ಸುಮಾರು 5,000 ಅಡಿ ಆಳ. ಅದರ ಕೆಳಗೆ ನೆಲವನ್ನು ಇನ್ನೂ 13,000 ಅಡಿಗಿಂತ ಹೆಚ್ಚು ಕೊರೆದಿದ್ದರು. ಬಾವಿ ಬಿಪಿಯದು, ಇನ್ನಿಬ್ಬರು ಪಾಲುದಾರರೂ ಇದ್ದರು. ಕೊರೆಯುವ ರಿಗ್ ಡೀಪ್‌ವಾಟರ್ ಹೊರೈಜನ್, ಅದು ಟ್ರಾನ್ಸ್‌ಓಷನ್ ಕಂಪನಿಯದು, ಬಾಡಿಗೆಗೆ ತಂದಿದ್ದು. ಸಿಮೆಂಟ್ ಕೆಲಸ ಹ್ಯಾಲಿಬರ್ಟನ್ ಕಂಪನಿಯದು. ಒಂದೇ ಬಾವಿಯ ಸುತ್ತ ಎಷ್ಟು ಕಂಪನಿ ನೋಡಿ.

ನಮ್ಮ ಕಡೆ ಬೋರ್‌ವೆಲ್ ಹಾಕಿಸಿದವರಿಗೆ ಕೇಸಿಂಗ್ ಪೈಪ್ ಅಂದರೇನು ಅಂತ ವಿವರಿಸಬೇಕಿಲ್ಲ. ಮೇಲಿನ ಮಣ್ಣು ಕುಸಿಯದಂತೆ ಇಳಿಸುವ ಪೈಪು ಅದು. ಎಣ್ಣೆಬಾವಿಗೂ ಕೇಸಿಂಗ್ ಇಳಿಸುತ್ತಾರೆ, ಒಂದರೊಳಗೆ ಒಂದು, ತಳದವರೆಗೆ. ಒಂದೇ ವ್ಯತ್ಯಾಸ, ಬೋರ್‌ವೆಲ್ಲಿನ ನೀರನ್ನು ನಾವು ಪಂಪ್ ಹಾಕಿ ಎಳೆಯಬೇಕು, ಇಲ್ಲಿ ಎಣ್ಣೆ ಮತ್ತು ಅನಿಲ ಭಯಂಕರ ಒತ್ತಡದಲ್ಲಿ ತಾವಾಗಿಯೇ ಮೇಲೆ ನುಗ್ಗಲು ಕಾಯುತ್ತಿರುತ್ತವೆ. ಕೊರೆಯುವಾಗ ಅವನ್ನು ತಡೆದು ಹಿಡಿಯುವುದು ಬಾವಿ ತುಂಬ ಇರುವ ಮಡ್‌ನ ಭಾರ. ಕೊರೆದು ಮುಗಿದ ಮೇಲೆ ಕೇಸಿಂಗಿಗೂ ಬಂಡೆಗೂ ನಡುವಿನ ಸಂದಿಗೆ, ತಳಕ್ಕೆ ಸಿಮೆಂಟ್ ತುಂಬಿ ಮುಚ್ಚುತ್ತಾರೆ. ಆ ಸಿಮೆಂಟ್ ಗಟ್ಟಿಯಾಗಿ ಕೂತರೆ ಮಾತ್ರ ಭಾರವಾದ ಮಡ್ ತೆಗೆದು ಹಗುರವಾದ ಸಮುದ್ರದ ನೀರು ತುಂಬಬಹುದು.

ಮಕೊಂಡೊ ಕೆಲಸ ಆರು ವಾರದಷ್ಟು ತಡವಾಗಿತ್ತು. ದಿನಕ್ಕೆ ಸುಮಾರು 10 ಲಕ್ಷ ಡಾಲರ್ ಖರ್ಚು. ಇದು ದುಃಸ್ವಪ್ನದಂಥ ಬಾವಿ ಎಂದು ಎಂಜಿನಿಯರೊಬ್ಬರು ಇಮೇಲಿನಲ್ಲಿ ಬರೆದಿದ್ದರು. ಕೇಸಿಂಗನ್ನು ರಂಧ್ರದ ನಟ್ಟನಡುವೆ ಹಿಡಿದಿಡಲು ಸುತ್ತ ಸಲಾಕೆಯಂಥ ಬಳೆಗಳನ್ನು ಹಾಕುತ್ತಾರೆ. ಪೈಪು ಒಂದು ಕಡೆ ವಾಲಿದರೆ ಆ ಕಡೆ ಸಿಮೆಂಟ್ ಸರಿಯಾಗಿ ಇಳಿಯುವುದಿಲ್ಲ. ಹ್ಯಾಲಿಬರ್ಟನ್ನಿನ ಲೆಕ್ಕಾಚಾರ 21 ಬಳೆ ಬೇಕು ಎಂದಿತ್ತು. ಹಾಕಿದ್ದು ಆರು. ಸಿಮೆಂಟ್ ಹೇಗೆ ಕೂತಿದೆ ಎಂದು ಉಪಕರಣ ಇಳಿಸಿ ನೋಡಲು ಬಂದಿದ್ದ ಇನ್ನೊಂದು ಕಂಪನಿಯ ತಂಡವನ್ನು 20ರ ಬೆಳಿಗ್ಗೆ ಪರೀಕ್ಷೆ ಬೇಡ ಎಂದು ಹೆಲಿಕಾಪ್ಟರಿನಲ್ಲಿ ವಾಪಸ್ ಕಳಿಸಿದರು.

ಉಳಿದದ್ದು ಒಂದೇ ಮುಖ್ಯ ಪರೀಕ್ಷೆ. ಬಾವಿಯ ಮೇಲ್ಭಾಗದಲ್ಲಿ ಮಡ್ ಬದಲು ಸ್ವಲ್ಪ ಸಮುದ್ರದ ನೀರು ತುಂಬಿ, ಭಾರ ಕಮ್ಮಿ ಮಾಡಿ, ಒತ್ತಡ ಶೂನ್ಯಕ್ಕೆ ಇಳಿಸಿ ಸುಮ್ಮನೆ ಕಾಯುವುದು. ಸಿಮೆಂಟ್ ಚೆನ್ನಾಗಿದ್ದರೆ ಒತ್ತಡ ಏರುವುದಿಲ್ಲ. ಅವತ್ತು ಡ್ರಿಲ್ ಪೈಪಿನ ಮಾಪಕ ಚದರ ಅಂಗುಲಕ್ಕೆ 1,400 ಪೌಂಡ್ ತೋರಿಸಿತು. ಇಳಿಸಿದರೆ ಮತ್ತೆ ಏರಿತು. ಅದರ ಒಂದೇ ಅರ್ಥ, ಕೆಳಗಿಂದ ಏನೋ ಒಳಗೆ ಬರುತ್ತಿದೆ. ಆದರೆ ಪಕ್ಕದ ಇನ್ನೊಂದು ಸಣ್ಣ ಪೈಪಿನಿಂದ ಏನೂ ಹರಿಯುತ್ತಿರಲಿಲ್ಲ. ಡ್ರಿಲ್ ಕ್ಯಾಬಿನ್ನಿನಲ್ಲಿ ಚರ್ಚೆ ನಡೆಯಿತು. ಮೇಲಿನ ದ್ರವದ ಭಾರಕ್ಕೆ ಹಾಗೆ ತೋರಿಸುತ್ತಿದೆ ಎಂಬ ವಿವರಣೆಯೊಂದು ಬಂತು. ಅದನ್ನು ಒಪ್ಪಿಕೊಂಡರು. ಎಂಟು ಗಂಟೆ ಸುಮಾರಿಗೆ ಪರೀಕ್ಷೆ ಪಾಸು ಎಂದು ತೀರ್ಮಾನವಾಯಿತು. ಉಳಿದ ಮಡ್ ತೆಗೆಯಲು ಶುರು ಮಾಡಿದರು. ಇಂಥದ್ದೊಂದು ಪರೀಕ್ಷೆ ಮಾಡಲೇಬೇಕು ಎಂಬ ನಿಯಮವೂ ಆಗ ಅಮೆರಿಕದಲ್ಲಿ ಇರಲಿಲ್ಲ. ಫಲಿತಾಂಶ ಹೇಗೆ ಓದಬೇಕು ಎಂಬ ಲಿಖಿತ ಕ್ರಮ ಬಿಪಿ, ಟ್ರಾನ್ಸ್‌ಓಷನ್ ಎರಡೂ ಕಂಪನಿಗಳಲ್ಲಿ ಇರಲಿಲ್ಲ.

ಅದೇ ಮಧ್ಯಾಹ್ನ ಬಿಪಿ ಮತ್ತು ಟ್ರಾನ್ಸ್‌ಓಷನ್ ಕಂಪನಿಗಳ ನಾಲ್ವರು ಅಧಿಕಾರಿಗಳು ಹೆಲಿಕಾಪ್ಟರಿನಲ್ಲಿ ಬಂದಿಳಿದಿದ್ದರು. ಗಾಯದಿಂದ ಕೆಲಸ ತಪ್ಪಿದ ಒಂದೇ ಒಂದು ಘಟನೆಯೂ ಇಲ್ಲದೆ ಈ ರಿಗ್ ಏಳು ವರ್ಷ ದಾಟಿತ್ತು. ಅವರು ಬಂದ ಕಾರಣಗಳಲ್ಲಿ ಸಿಬ್ಬಂದಿಯ ಬೆನ್ನು ತಟ್ಟುವುದೂ ಒಂದು. ರಿಗ್ ಸುತ್ತು ಹಾಕುತ್ತಾ ಪರೀಕ್ಷೆಯ ಚರ್ಚೆ ನಡೆಯುತ್ತಿದ್ದ ಕ್ಯಾಬಿನ್ನಿಗೂ ಅವರು ಬಂದು ಹೋದರು. ಕೆಲಸಗಾರರು ಜಾರಿ ಬೀಳದಂತೆ ಏನು ಮಾಡುತ್ತೀರಿ ಎಂಬಂಥ ಪ್ರಶ್ನೆಗಳನ್ನು ಅವರು ಕೇಳುತ್ತಿದ್ದಾಗ, ಅದೇ ಡೆಕ್ಕಿನ ಇನ್ನೊಂದು ಬದಿಯಲ್ಲಿ ಬಾವಿ ತನ್ನ ಸ್ಥಿತಿಯನ್ನು ಮಾಪಕದ ಮೇಲೆ ಬರೆದು ತೋರಿಸುತ್ತಿತ್ತು. ಬೇಕರ್ ಸಮಿತಿ ಮೂರು ವರ್ಷ ಹಿಂದೆ ರಿಫೈನರಿಗಳ ಬಗ್ಗೆ ಹೇಳಿದ್ದು ಸಮುದ್ರದ ಮೇಲೆ ಹಾಗೆ ಹಾಗೇ ನಡೆಯಿತು.

ರಾತ್ರಿ 9.40ರ ಹೊತ್ತಿಗೆ ಮಡ್ ರಿಗ್ಗಿನ ಮೇಲೆ ಉಕ್ಕಿತು. ಹಿಂದೆಯೇ ಅನಿಲ. 9.49ಕ್ಕೆ ಮೊದಲ ಸ್ಫೋಟ. ಸಮುದ್ರದ ತಳದಲ್ಲಿ ಬಾವಿಯ ಬಾಯಿಗೆ ಕೂರಿಸಿದ್ದ, ಪೈಪನ್ನು ಕತ್ತರಿಸಿ ಬಾಯಿ ಮುಚ್ಚಬೇಕಿದ್ದ ದೊಡ್ಡ ಯಂತ್ರ ಕೆಲಸ ಮಾಡಲಿಲ್ಲ. ರಿಗ್ಗಿನ ಮೇಲಿದ್ದ 126 ಜನರಲ್ಲಿ 115 ಜನ ಪಾರಾದರು. ಏಪ್ರಿಲ್ 22ರಂದು ರಿಗ್ ಮುಳುಗಿತು.

87 ದಿನ

ಬಾವಿಯ ಬಾಯಿ ಮುಚ್ಚಲು 87 ದಿನ ಬೇಕಾಯಿತು. ದೊಡ್ಡ ಉಕ್ಕಿನ ಗುಮ್ಮಟ ಇಳಿಸಿ ಎಣ್ಣೆ ಹಿಡಿಯಲು ನೋಡಿದರು. ಆ ಚಳಿ ಮತ್ತು ಒತ್ತಡಕ್ಕೆ ಅನಿಲವೂ ನೀರೂ ಸೇರಿ ಮಂಜುಗಡ್ಡೆಯಂತಾಗಿ ಗುಮ್ಮಟದ ಬಾಯಿ ಕಟ್ಟಿಕೊಂಡಿತು. ಮೇಲಿಂದ ಮಡ್ ಒತ್ತಿ ತಡೆಯಲು ನೋಡಿದರು, ಆಗಲಿಲ್ಲ. ಜುಲೈ 15ರಂದು ಹೊಸ ಮುಚ್ಚಳ ಹಿಡಿಯಿತು. ಅಷ್ಟರಲ್ಲಿ ಸುಮಾರು 49 ಲಕ್ಷ ಬ್ಯಾರೆಲ್ ಎಣ್ಣೆ ಬಾವಿಯಿಂದ ಹೊರಬಂದಿತ್ತು ಎಂಬುದು ಅಮೆರಿಕ ಸರ್ಕಾರದ ಅಂದಾಜು. ಮುಂದೆ ಕೋರ್ಟ್, ಸಮುದ್ರ ಸೇರಿದ ಪ್ರಮಾಣವನ್ನು ಸುಮಾರು 32 ಲಕ್ಷ ಬ್ಯಾರೆಲ್ ಎಂದು ನಿಗದಿ ಮಾಡಿತು. ಅಮೆರಿಕದ ಅಧೀನದಲ್ಲಿರುವ ಕೊಲ್ಲಿಯ ಮೂರನೇ ಒಂದಕ್ಕಿಂತ ಹೆಚ್ಚು ಭಾಗದಲ್ಲಿ ಒಂದು ಹಂತದಲ್ಲಿ ಮೀನುಗಾರಿಕೆ ನಿಂತುಹೋಯಿತು.

ಹೇವರ್ಡ್ ಲೂಸಿಯಾನಾಗೆ ಹೋಗಿ ಅಲ್ಲೇ ಉಳಿದರು. ದಿನವೂ ಕ್ಯಾಮೆರಾ ಎದುರು ನಿಂತರು. ಕೊಲ್ಲಿ ತುಂಬಾ ದೊಡ್ಡದು, ಸೋರಿದ ಎಣ್ಣೆ ಅದಕ್ಕೆ ಹೋಲಿಸಿದರೆ ಅತ್ಯಲ್ಪ ಎಂದು ಪತ್ರಿಕೆಯೊಂದಕ್ಕೆ ಹೇಳಿದರು. ಮೇ ಕೊನೆಯಲ್ಲಿ, ಇದು ಮುಗಿಯಲಿ ಎಂದು ನನ್ನಷ್ಟು ಬಯಸುವವರು ಯಾರೂ ಇಲ್ಲ, ನನಗೆ ನನ್ನ ಬದುಕು ವಾಪಸ್ ಬೇಕು ಎಂದುಬಿಟ್ಟರು. ಹನ್ನೊಂದು ಮನೆಗಳಲ್ಲಿ ಸೂತಕ ಇರುವಾಗ ಆಡುವ ಮಾತಾ ಅದು? ಕ್ಷಮೆ ಕೇಳಿದರು. ಆದರೂ ಅವರ ಹೆಸರು ಹೇಳಿದರೆ ಇವತ್ತಿಗೂ ಜನಕ್ಕೆ ನೆನಪಾಗುವುದು ಆ ಒಂದು ಸಾಲು. ಸಂಸತ್ ಸಮಿತಿಯ ವಿಚಾರಣೆ ಮುಗಿದ ಎರಡೇ ದಿನಕ್ಕೆ ಇಂಗ್ಲೆಂಡಿನಲ್ಲಿ ಮಗನ ಜೊತೆ ಹಾಯಿದೋಣಿ ಸ್ಪರ್ಧೆಗೆ ಹೋಗಿದ್ದು ಉರಿಯುವ ಬೆಂಕಿಗೆ ತುಪ್ಪ ಸುರಿಯಿತು.

ಅಷ್ಟರೊಳಗೆ ಬಿಪಿ 2,000 ಕೋಟಿ ಡಾಲರಿನ ಪರಿಹಾರ ನಿಧಿ ಇಡಲು ಒಪ್ಪಿತ್ತು, ಷೇರುದಾರರಿಗೆ ಕೊಡುವ ಲಾಭದ ಪಾಲು, ಅಂದರೆ ಡಿವಿಡೆಂಡ್ ನಿಲ್ಲಿಸಿತ್ತು. ಷೇರಿನ ಬೆಲೆ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಬ್ರಿಟನ್ನಿನ ಪಿಂಚಣಿ ನಿಧಿಗಳೆಲ್ಲ ಬಿಪಿ ಷೇರು ಇಟ್ಟುಕೊಂಡಿದ್ದರಿಂದ ಅಲ್ಲಿನ ಸಾಮಾನ್ಯ ನಿವೃತ್ತರಿಗೂ ಅದರ ಬಿಸಿ ತಟ್ಟಿತು. ಜುಲೈ 27ರಂದು ಹೇವರ್ಡ್ ನಿರ್ಗಮನ ಘೋಷಣೆಯಾಯಿತು. ಅಕ್ಟೋಬರ್ 1ರಿಂದ ಅಮೆರಿಕದವರಾದ ಬಾಬ್ ಡಡ್ಲಿ ಆ ಕುರ್ಚಿಗೆ ಬಂದರು.

ಆಮೇಲೆ ಬಿಬಿಸಿ ಸಂದರ್ಶನದಲ್ಲಿ ಹೇವರ್ಡ್ ಎರಡು ಮಾತು ಹೇಳಿದರು. ಒಂದು, ಭೂವಿಜ್ಞಾನದ ಬದಲು ನಾಟಕ ಶಾಲೆಯಲ್ಲಿ ಪದವಿ ಮಾಡಿದ್ದರೆ ಟಿವಿಯ ಮುಂದೆ ಇನ್ನೂ ಚೆನ್ನಾಗಿ ಕಾಣುತ್ತಿದ್ದೆನೇನೋ, ಫಲಿತಾಂಶ ಬೇರೆಯಾಗುತ್ತಿತ್ತು ಎಂದು ಹೇಳಲಾರೆ. ಇನ್ನೊಂದು, ಇಂಥ ಸೋರಿಕೆಗೆ ನಮ್ಮ ಸಿದ್ಧತೆ ಸಾಲದಾಗಿತ್ತು, ದಿನದಿನಕ್ಕೆ ಏನು ತೋಚಿತೋ ಅದನ್ನು ಮಾಡಿಕೊಂಡು ಹೋದೆವು. ಪತ್ರಿಕೆಗಳು ಮೊದಲನೆಯದನ್ನು ಎತ್ತಿಕೊಂಡವು. ತೂಕ ಇರುವುದು ಎರಡನೆಯದಕ್ಕೆ. ಕೊಲ್ಲಿಯಲ್ಲಿ ಸೋರಿಕೆಯಾದರೆ ಏನು ಮಾಡಬೇಕು ಎಂದು ಬಿಪಿ ಸರ್ಕಾರಕ್ಕೆ ಕೊಟ್ಟಿದ್ದ ಯೋಜನೆಯಲ್ಲಿ ರಕ್ಷಿಸಬೇಕಾದ ಪ್ರಾಣಿಗಳ ಪಟ್ಟಿಯೊಳಗೆ ವಾಲ್ರಸ್ ಇತ್ತು. ಹಿಮಪ್ರದೇಶದ ಪ್ರಾಣಿ ಅದು, ಮೆಕ್ಸಿಕೊ ಕೊಲ್ಲಿಯಲ್ಲಿ ಇಲ್ಲವೇ ಇಲ್ಲ. ಸಂಪರ್ಕಿಸಬೇಕಾದ ತಜ್ಞರ ಪಟ್ಟಿಯಲ್ಲಿ 2005ರಲ್ಲೇ ತೀರಿಕೊಂಡ ವಿಜ್ಞಾನಿಯೊಬ್ಬರ ಹೆಸರಿತ್ತು. ಬೇರೆ ದೊಡ್ಡ ತೈಲ ಕಂಪನಿಗಳ ಯೋಜನೆಗಳಲ್ಲೂ ಇದೇ ಸಾಲುಗಳು ಸಿಕ್ಕವು. ಯಾರೂ ಓದದೆ ಸಹಿ ಮಾಡಿದ ಕಾಗದ ಅದು. ಹೇವರ್ಡ್ ಅವರ ನಾಲಿಗೆ ಜಾರಿದ್ದಕ್ಕಿಂತ ಇದು ಸಾವಿರ ಪಾಲು ದೊಡ್ಡ ತಪ್ಪು ಎಂದು ನನ್ನ ಅಭಿಪ್ರಾಯ.

ಕೋರ್ಟುಗಳಲ್ಲಿ ಏನಾಯಿತು ಅನ್ನುವುದನ್ನೂ ಹೇಳಬೇಕು. 2012ರಲ್ಲಿ ಬಿಪಿ ಹನ್ನೊಂದು ಸಾವುಗಳಿಗೆ ಸಂಬಂಧಿಸಿದ ಅಪರಾಧ ಒಪ್ಪಿಕೊಂಡಿತು. 2014ರಲ್ಲಿ ನ್ಯಾಯಾಧೀಶ ಕಾರ್ಲ್ ಬಾರ್ಬಿಯರ್ ಹೊಣೆಯನ್ನು ಹೀಗೆ ಹಂಚಿದರು: ನೂರರಲ್ಲಿ ಬಿಪಿಗೆ 67 ಪಾಲು, ಟ್ರಾನ್ಸ್‌ಓಷನ್‌ಗೆ 30, ಹ್ಯಾಲಿಬರ್ಟನ್‌ಗೆ 3. ಬಿಪಿಗೆ ಒಟ್ಟು ಬಿದ್ದ ಖರ್ಚು 6,500 ಕೋಟಿ ಡಾಲರ್ ದಾಟಿತು. ವ್ಯಕ್ತಿಗಳ ವಿಷಯಕ್ಕೆ ಬಂದರೆ, ನರಹತ್ಯೆ ಆರೋಪ ಎದುರಿಸಿದ್ದು ರಿಗ್ಗಿನ ಮೇಲಿದ್ದ ಬಿಪಿಯ ಇಬ್ಬರು ಮೇಲ್ವಿಚಾರಕರು ಮಾತ್ರ. ಆ ಆರೋಪಗಳನ್ನೂ 2015ರಲ್ಲಿ ಸರ್ಕಾರವೇ ಕೈಬಿಟ್ಟಿತು. ಈ ದುರಂತಕ್ಕಾಗಿ ಯಾರೂ ಜೈಲಿಗೆ ಹೋಗಲಿಲ್ಲ.

ಕುರ್ದಿಸ್ತಾನದ ಎಣ್ಣೆ

ಬಿಪಿ ಬಿಟ್ಟ ಒಂದು ವರ್ಷದೊಳಗೆ ಹೇವರ್ಡ್ ಮತ್ತೆ ಎದ್ದು ನಿಂತರು. ಬ್ಯಾಂಕರ್ ಮನೆತನದ ನ್ಯಾಥನಿಯಲ್ ರಾಥ್‌ಚೈಲ್ಡ್ ಮತ್ತು ಇನ್ನಿಬ್ಬರ ಜೊತೆ ಸೇರಿ ವಲ್ಲಾರೆಸ್ ಎಂಬ ಕಂಪನಿ ಕಟ್ಟಿದರು. 2011ರ ಜೂನ್‌ನಲ್ಲಿ ಲಂಡನ್ ಷೇರುಪೇಟೆಯಲ್ಲಿ ಅದು 135 ಕೋಟಿ ಪೌಂಡ್ ಎತ್ತಿತು. ಆ ಹೊತ್ತಿಗೆ ಅದರ ಕೈಯಲ್ಲಿ ಒಂದೇ ಒಂದು ಬಾವಿ ಇರಲಿಲ್ಲ. ಮೊದಲು ದುಡ್ಡು ಕೊಡಿ, ಒಳ್ಳೆಯ ಕಂಪನಿ ಹುಡುಕಿ ಕೊಳ್ಳುತ್ತೇವೆ ಅನ್ನುವ ಬಗೆಯ ವ್ಯವಹಾರ ಇದು. ಹೂಡಿಕೆದಾರರು ನಂಬುವುದು ಮುಂದೆ ನಿಂತ ಹೆಸರುಗಳನ್ನು. ಬಿಪಿಯ ದುರಂತ ಕಳೆದು ಒಂದೇ ವರ್ಷ, ಆದರೂ ಹೇವರ್ಡ್ ಹೆಸರಿಗೆ ಅಷ್ಟು ಬೆಲೆ ಇತ್ತು. ತೈಲಲೋಕದಲ್ಲಿ ಬಾವಿ ಎಲ್ಲಿ ಸಿಗುತ್ತದೆ, ಯಾರ ಜೊತೆ ಮಾತಾಡಬೇಕು ಅಂತ ಬಲ್ಲವರು ಕಮ್ಮಿ ಜನ.

ಸೆಪ್ಟೆಂಬರಿನಲ್ಲಿ ವಲ್ಲಾರೆಸ್ ಟರ್ಕಿಯ ಗೆನೆಲ್ ಕಂಪನಿಯ ಜೊತೆ ವಿಲೀನ ಒಪ್ಪಂದ ಮಾಡಿಕೊಂಡಿತು. ಗೆನೆಲ್‌ಗೆ ಇರಾಕಿನ ಕುರ್ದಿಸ್ತಾನದ ತಕ್ ತಕ್, ತಾವ್ಕೆ ಎಂಬ ಎಣ್ಣೆ ಕ್ಷೇತ್ರಗಳಲ್ಲಿ ಪಾಲಿತ್ತು. ಎಣ್ಣೆಯೇನೋ ಇತ್ತು. ಆದರೆ ಅದನ್ನು ಮಾರುವ ಹಕ್ಕು ಯಾರದು ಎಂದು ಕುರ್ದಿಸ್ತಾನದ ಸರ್ಕಾರಕ್ಕೂ ಬಾಗ್ದಾದಿನ ಇರಾಕ್ ಸರ್ಕಾರಕ್ಕೂ ಜಗಳ. ಎಣ್ಣೆ ಹೋದರೂ ದುಡ್ಡು ಬರುತ್ತಿರಲಿಲ್ಲ. ಮೇಲೆ 2014ರಲ್ಲಿ ಐಸಿಸ್ ಯುದ್ಧ, ಅದೇ ವರ್ಷ ಎಣ್ಣೆ ಬೆಲೆಯ ಕುಸಿತ.

ದೊಡ್ಡ ಪೆಟ್ಟು ಬಿದ್ದದ್ದು ನೆಲದೊಳಗಿಂದ. ತಕ್ ತಕ್‌ನಲ್ಲಿ ಎಣ್ಣೆ ಇರುವುದು ಸುಣ್ಣಕಲ್ಲಿನ ಬಿರುಕುಗಳಲ್ಲಿ. ಬಿರುಕಿನಲ್ಲಿ ಎಣ್ಣೆ ಸಲೀಸಾಗಿ ಹರಿಯುತ್ತದೆ, ಹಾಗಾಗಿ ಶುರುವಿನಲ್ಲಿ ಉತ್ಪಾದನೆ ಜೋರು. ಅದೇ ಬಿರುಕಿನಲ್ಲಿ ಕೆಳಗಿನ ನೀರೂ ಅಷ್ಟೇ ಸಲೀಸಾಗಿ ಮೇಲೆ ಬರುತ್ತದೆ. 2016ರ ಆರಂಭದಲ್ಲಿ ಗೆನೆಲ್ ತಕ್ ತಕ್‌ನ ಎಣ್ಣೆಯ ಅಂದಾಜನ್ನು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸಬೇಕಾಯಿತು. ಮರುವರ್ಷ ಮತ್ತೆ ಇಳಿಸಿತು. ಶುರುವಿನಲ್ಲಿ 10 ಪೌಂಡಿಗೆ ಮಾರಿದ್ದ ಷೇರು 1 ಪೌಂಡಿನ ಆಸುಪಾಸಿಗೆ ಬಂತು. ನೆಲದೊಳಗಿನ ಎಣ್ಣೆಯ ಲೆಕ್ಕ ಯಾವತ್ತೂ ಒಂದು ಅಂದಾಜೇ, ಅದೂ ಕಣ್ಣಿಗೆ ಕಾಣದ್ದರ ಅಂದಾಜು. ಒಳ್ಳೆಯ ಭೂವಿಜ್ಞಾನಿ ಇದ್ದರೂ ಅದು ತಪ್ಪಬಹುದು. 2017ರಲ್ಲಿ ಹೇವರ್ಡ್ ಗೆನೆಲ್‌ನಿಂದ ಹೊರಬಂದರು.

ಗಣಿಯ ಕಡೆಗೆ

ಇದರ ಜೊತೆಜೊತೆಗೇ ಇನ್ನೊಂದು ದಾರಿ ಸಾಗಿತ್ತು. ಸ್ವಿಟ್ಜರ್ಲೆಂಡಿನ ಗ್ಲೆನ್‌ಕೋರ್ ತಾಮ್ರ, ಸತು, ಕೋಬಾಲ್ಟ್, ಕಲ್ಲಿದ್ದಲು, ಎಣ್ಣೆ ಎಲ್ಲವನ್ನೂ ಕೊಂಡು ಮಾರುವ ದೈತ್ಯ ವ್ಯಾಪಾರಿ. ತುಂಬಾ ವರ್ಷ ಅದು ಪಾಲುದಾರರ ಖಾಸಗಿ ಸಂಸ್ಥೆ, ತನ್ನ ಗುಟ್ಟು ಬಿಟ್ಟುಕೊಡದ ಮನೆ. 2011ರ ಮೇ ತಿಂಗಳಲ್ಲಿ ಷೇರುಪೇಟೆಗೆ ಬಂತು. ಆಗ ಸ್ವತಂತ್ರ ನಿರ್ದೇಶಕರು ಬೇಕಾದರು, ಹೇವರ್ಡ್ ಅವರಲ್ಲೊಬ್ಬರಾದರು. 2013ರಲ್ಲಿ ಗಣಿ ಕಂಪನಿ ಎಕ್ಸ್‌ಟ್ರಾಟಾ ಜೊತೆ ವಿಲೀನವಾದಾಗ ಅಲ್ಲಿಂದ ಬಂದ ಅಧ್ಯಕ್ಷರನ್ನು ಷೇರುದಾರರು ಮತ ಹಾಕಿ ಇಳಿಸಿದರು. ಹೇವರ್ಡ್ ಹಂಗಾಮಿ ಅಧ್ಯಕ್ಷರಾದರು, ಮುಂದಿನ ವರ್ಷ ಕಾಯಂ ಅಧ್ಯಕ್ಷರು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಮುಖ್ಯ ಕಾರ್ಯನಿರ್ವಾಹಕ ಅಂದರೆ ಕಂಪನಿ ನಡೆಸುವವರು. ಅಧ್ಯಕ್ಷ ಅಂದರೆ ನಿರ್ದೇಶಕ ಮಂಡಳಿ ನಡೆಸುವವರು. ನಡೆಸುವವರ ಮೇಲೆ ಕಣ್ಣಿಡುವುದು, ಅನುಮಾನ ಬಂದರೆ ಪ್ರಶ್ನೆ ಕೇಳುವುದು, ಬೇಕಾದರೆ ಅವರನ್ನು ಬದಲಿಸುವುದು ಮಂಡಳಿಯ ಕೆಲಸ. ಗ್ಲೆನ್‌ಕೋರ್‌ನಲ್ಲಿ ಕಂಪನಿ ನಡೆಸುತ್ತಿದ್ದವರು ಇವಾನ್ ಗ್ಲಾಸೆನ್‌ಬರ್ಗ್. ಅವರೇ ಕಂಪನಿಯ ಅತಿ ದೊಡ್ಡ ಷೇರುದಾರರಲ್ಲಿ ಒಬ್ಬರು. ಅಂಥ ಮನುಷ್ಯನ ಮೇಲೆ ಅಧ್ಯಕ್ಷರೊಬ್ಬರು ಎಷ್ಟು ಹಿಡಿತ ಸಾಧಿಸಬಹುದು? ಕಾನೂನಿನ ಪುಸ್ತಕದಲ್ಲಿ ಉತ್ತರ ಸುಲಭ, ಬೋರ್ಡ್ ರೂಮಿನಲ್ಲಿ ಅಷ್ಟು ಸುಲಭ ಅಲ್ವಲ್ಲ.

2015ರ ಸೆಪ್ಟೆಂಬರ್ 28ರಂದು ಗ್ಲೆನ್‌ಕೋರ್ ಷೇರು ಒಂದೇ ದಿನ ಸುಮಾರು ಶೇ. 29 ಬಿತ್ತು. ತಾಮ್ರ, ಕಲ್ಲಿದ್ದಲಿನ ಬೆಲೆ ನೆಲ ಕಚ್ಚಿತ್ತು, ಸಾಲ ಸುಮಾರು 3,000 ಕೋಟಿ ಡಾಲರ್ ಇತ್ತು. ಕಂಪನಿ ಅದಕ್ಕೂ ಮೊದಲೇ ಡಿವಿಡೆಂಡ್ ತಡೆಹಿಡಿದು, 250 ಕೋಟಿ ಡಾಲರಿನ ಹೊಸ ಷೇರು ಮಾರಿತ್ತು. ಆಮೇಲೆ ಆಸ್ತಿಗಳನ್ನೂ ಮಾರಿತು. ಮರುವರ್ಷ ಲೋಹದ ಬೆಲೆ ಏರಿತು, ಕಂಪನಿ ಉಳಿಯಿತು. ಅಧ್ಯಕ್ಷರಾಗಿ ಹೇವರ್ಡ್ ಕಂಡ ಒಳ್ಳೆಯ ಕಾಲ ಇದು ಎನ್ನಬಹುದು.

2018ರಲ್ಲಿ ಅಮೆರಿಕದ ನ್ಯಾಯ ಇಲಾಖೆ ನೈಜೀರಿಯಾ, ಕಾಂಗೊ, ವೆನೆಜುವೆಲಾ ವ್ಯವಹಾರಗಳ ದಾಖಲೆ ಕೊಡಿ ಎಂದು ಗ್ಲೆನ್‌ಕೋರ್‌ಗೆ ನೋಟಿಸ್ ಕೊಟ್ಟಿತು. ಮರುವರ್ಷ ಬ್ರಿಟನ್ನಿನ ಗಂಭೀರ ವಂಚನೆ ತನಿಖಾ ಸಂಸ್ಥೆಯೂ ತನಿಖೆ ಶುರು ಮಾಡಿತು. 2021ರ ಮಧ್ಯಭಾಗದಲ್ಲಿ ಗ್ಲಾಸೆನ್‌ಬರ್ಗ್ ನಿವೃತ್ತರಾದರು. ಹಿಂದೆಯೇ ಜುಲೈ ಕೊನೆಯಲ್ಲಿ ಹೇವರ್ಡ್ ಇಳಿದರು. ಅವರ ಜಾಗಕ್ಕೆ ಬಂದವರು ಭಾರತ ಮೂಲದ ಕಾಳಿದಾಸ್ ಮಾಧವಪೆದ್ದಿ, ಮದ್ರಾಸ್ ಐಐಟಿಯಲ್ಲಿ ಓದಿದ ಗಣಿ ಉದ್ಯಮಿ.

2022ರ ಮೇ 24ರಂದು ಗ್ಲೆನ್‌ಕೋರ್ ತಪ್ಪೊಪ್ಪಿಕೊಂಡಿತು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಲವು ದೇಶಗಳಲ್ಲಿ ಅಧಿಕಾರಿಗಳಿಗೆ ತಲುಪಿಸಲು ಮಧ್ಯವರ್ತಿಗಳ ಮೂಲಕ 10 ಕೋಟಿ ಡಾಲರಿಗೂ ಹೆಚ್ಚು ಲಂಚದ ಹಣ ಹರಿಸಿತ್ತು. ಅಮೆರಿಕದ ದಾಖಲೆಗಳ ಪ್ರಕಾರ ಈ ವ್ಯವಹಾರ ನಡೆದದ್ದು 2007ರಿಂದ 2018ರ ನಡುವೆ. ಅಂದರೆ ಶುರುವಾದದ್ದು ಹೇವರ್ಡ್ ಬರುವ ಮೊದಲೇ, ಮುಗಿದದ್ದು ಅವರು ಅಧ್ಯಕ್ಷರಾಗಿದ್ದಾಗ. ಅಮೆರಿಕವೊಂದರಲ್ಲೇ ದಂಡ ಮತ್ತು ಜಪ್ತಿ ಸೇರಿ 110 ಕೋಟಿ ಡಾಲರ್ ದಾಟಿತು. ಬ್ರಿಟನ್ನಿನ ಕೋರ್ಟ್ ಅದೇ ವರ್ಷ ಕಂಪನಿಯ ಅಲ್ಲಿನ ಶಾಖೆಗೆ ಸುಮಾರು 28 ಕೋಟಿ ಪೌಂಡ್ ಕಟ್ಟಲು ಹೇಳಿತು. ಹೇವರ್ಡ್ ಅವರ ಮೇಲೆ ಈ ಪ್ರಕರಣದಲ್ಲಿ ಯಾವ ಆರೋಪವೂ ಬಂದಿಲ್ಲ. ಅಮೆರಿಕದ ಸರ್ಕಾರ ಕಂಪನಿಯೊಳಗೆ ಮೂರು ವರ್ಷಕ್ಕೆಂದು ಹೊರಗಿನ ಮೇಲ್ವಿಚಾರಕರನ್ನು ಇಡಿಸಿತು. ನೈಜೀರಿಯಾದ ಒಂದು ಕಚೇರಿಯಲ್ಲಿ ಕೈಬದಲಾದ ಹಣ ಸ್ವಿಟ್ಜರ್ಲೆಂಡಿನ ಮಂಡಳಿಯ ಮೇಜಿನವರೆಗೆ ಯಾಕೆ ಕಾಣಲಿಲ್ಲ, ಇನ್ನು ಮುಂದೆ ಕಾಣುವಂತೆ ಏನೇನು ಬದಲಾಗಬೇಕು ಅಂತ ನೋಡುವುದೇ ಅವರ ಕೆಲಸವಾಗಿತ್ತು.